ಅಗ್ಗದ ಬೇಟೆ

ಗುಬ್ಬಿ ತಾಲ್ಲೂಕಿನ ಕಡಬವು ಕೆರೆಯಿಂದ ಹೆಸರಾದ ಊರು. ಶಿಂಷೆಯ ನೀರಿಗೆ ಏರಿ ಹಾಕಿ ನಿಲ್ಲಿಸಿದ ಆ ದೊಡ್ಡ ಕೆರೆಯನ್ನು ಶ್ರೀರಾಮನೇ ಕಟ್ಟಿಸಿದನೆಂಬ ಪ್ರತೀತಿಯುಂಟು. ಪ್ರಾಚೀನ ವಿಷಯಗಳಲ್ಲಿ ಆಸಕ್ತರಾದವರಿಗೆ ಆ ಊರಿನ ಹೆಸರು ರಾಷ್ಟ್ರಕೂಟರ ಮೂರನೆಯ ಗೋವಿಂದನ ಶಕ 735ರ ತಾಮ್ರಪಟಗಳಿಂದಲೂ ಪರಿಚಿತವಾಗಿದೆ. ಈಗಿನ ಗೃಹಸ್ಥರ ಬಾಳಿಗೆ ಮುಖ್ಯವಾದ ಆಧಾರವೆಂದರೆ ತೆಂಗು ಮತ್ತು ಅಡಕೆ. ಇಂಥ ಊರಿನ ಇಂಥ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಯಜಮಾನನು ತುಮಕೂರಿನಲ್ಲಿ ಓದಿ ಪದವಿಯನ್ನು ಪಡೆದು, ಊರಿಗೆ ಬಂದು ತೋಟವನ್ನು ನೋಡಿಕೊಂಡಿರುವವನು. ಎಲೆಯಡಕೆಯ ಹೊರತು ಬೇರೆ ಚಟವಿಲ್ಲ, ಇಸ್ಪೀಟನ್ನು ಮುಟ್ಟಿದವನಲ್ಲ. ಆದರೆ ರಾತ್ರಿಯ ಊಟವಾಗಿ ಮನೆಯ ದೀಪಗಳೆಲ್ಲ ಆರಿದ ಮೇಲೆ ಅವನ ಕೈಯಲ್ಲಿ ಫೋನು ಬೆಳಗತೊಡಗುವುದು.

ಅವನಿಗೆ ಯಾವ ವಸ್ತು ಬೇಕೆಂಬುದು ಅವನಿಗೇ ಮೊದಲು ತಿಳಿದಿರುವುದಿಲ್ಲ. ಯಾವುದು ನಂಬಲಾಗದಷ್ಟು ಅಗ್ಗವಾಗಿ ದೊರೆತೀತು ಎಂಬುದೇ ಅವನ ಅನ್ವೇಷಣೆ. ನಡುರಾತ್ರಿ ಹನ್ನೆರಡು ಹೊಡೆದೊಡನೆ ಯಾವ ಅಂಗಡಿಯಲ್ಲಿ ಬೆಲೆಗಳು ಇಳಿಯುವುವು, ಯಾವ ಬ್ಯಾಂಕಿನ ಕಾರ್ಡಿಗೆ ನೂರಕ್ಕೆ ಹತ್ತು ಸೋಡಿ, ಯಾವ ಕೂಪನ್ನನ್ನು ಯಾವುದರೊಡನೆ ಸೇರಿಸಿದರೆ ಮುನ್ನೂರು ರೂಪಾಯಿನ ಪದಾರ್ಥ ಮೂವತ್ತಕ್ಕೆ ಬಂದೀತು, ಇವೆಲ್ಲ ಅವನಿಗೆ ಕರತಲಾಮಲಕ. ಬುಟ್ಟಿಗೆ ಹಾಕಿದ ಪದಾರ್ಥವನ್ನು ಕೊಳ್ಳದೆ ಎರಡು ಮೂರು ದಿನ ಸುಮ್ಮನಿದ್ದುಬಿಟ್ಟರೆ ಅಂಗಡಿಯೇ ಬೆಲೆಯನ್ನು ತಗ್ಗಿಸಿ ಕರೆಯುವುದೂ ಉಂಟೆಂಬುದನ್ನು ಅವನು ಬಲ್ಲನು. ಹೀಗೆ ಬಂದ ವಸ್ತುಗಳಲ್ಲಿ ಮೂರು ಕೈದೀಪಗಳಿವೆ, ನಾಲ್ಕು ಗಡಿಯಾರಗಳಿವೆ, ಮನೆಯಲ್ಲಿ ಯಾರ ಕಾಲಿಗೂ ಹೊಂದದ ಒಂದು ಜೊತೆ ಪಾದರಕ್ಷೆಯಿದೆ. ಅಟ್ಟದ ಮೇಲೆ ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿಗಳ ಪಕ್ಕದಲ್ಲಿ ಬಿಚ್ಚದ ರಟ್ಟಿನ ಪೆಟ್ಟಿಗೆಗಳೂ ಒಂದರ ಮೇಲೊಂದು ಕುಳಿತಿವೆ.

ಒಂದು ದಿನ ತೊಂಬತ್ತೊಂಬತ್ತು ರೂಪಾಯಿಗೆ ಒಂದು ಮಂಚದ ಹಾಸು, ಎರಡು ದಿಂಬಿನ ಗವಸುಗಳ ಸಮೇತ, ಬಂದಿತು. ಮನೆಯ ಮುದುಕಿ, ಯಜಮಾನನ ತಾಯಿ, ಅದರ ಅಂಚನ್ನು ಬೆರಳಿನಿಂದ ತೀಡಿ ನೋಡಿ, “ಅಲ್ಲ ಕಣಪ್ಪಾ, ನೂಲು ಅವರದು, ಹೊಲಿಗೆ ಅವರದು, ಅಷ್ಟು ದೂರದಿಂದ ಬಾಗಿಲಿಗೆ ತಂದುಕೊಟ್ಟವರೂ ಅವರೇ. ಇದರಲ್ಲಿ ಯಾರಿಗೆ ಏನು ಗಿಟ್ಟಿತು?” ಎಂದು ಕೇಳಿದಳು. ಮಗನು ನಕ್ಕು, “ಗಿಟ್ಟದೆ ಇದ್ದರೆ ಕೊಡುತ್ತಾರೇನಮ್ಮಾ?” ಎಂದನು. ತಾಯಿ ಮತ್ತೆ ಮಾತನಾಡಲಿಲ್ಲ. ಹಾಸನ್ನು ಮಡಿಸಿ ಇಟ್ಟಳು.

ಮಗನ ಉತ್ತರ ಮೇಲುನೋಟಕ್ಕೆ ಸಮರ್ಪಕವಾದದ್ದೇ. ಅದನ್ನು ಸುಲಭವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮಿತವ್ಯಯವು ಗೃಹಸ್ಥಧರ್ಮದ ಅಂಗವೆಂದು ಎಲ್ಲ ಕಾಲದ ಹಿರಿಯರೂ ಒಪ್ಪಿದ್ದಾರೆ. ಎರಡು ಕಾಸು ಉಳಿಸುವುದಕ್ಕಾಗಿ ನಾಲ್ಕು ಅಂಗಡಿ ತಿರುಗುವ ಬಡ ತಾಯಿಯನ್ನು ಕುರಿತು ನೀತಿಯನ್ನು ಬೋಧಿಸುವವನಿಗಿಂತ ನಾಚಿಕೆಗೆಟ್ಟವನಿಲ್ಲ. ದುಬಾರಿಯಾಗಿ ಕೊಳ್ಳುವುದೇ ಸದಾಚಾರವೆಂಬ ಮಾತು ಹಣವುಳ್ಳವರ ವಿಲಾಸ. ಹಿಂದೆ ತುಮಕೂರಿಗೋ ಬೆಂಗಳೂರಿಗೋ ಹೋದಾಗ ಮಾತ್ರ ದೊರೆಯುತ್ತಿದ್ದ ಪುಸ್ತಕ, ಔಷಧಿ, ಯಂತ್ರದ ಬಿಡಿಭಾಗ ಇಂದು ಕಡಬದ ಬಾಗಿಲಿಗೆ, ಪಟ್ಟಣದವನು ಕೊಡುವ ಬೆಲೆಗೇ, ಬರುವುದು ಸಣ್ಣ ಉಪಕಾರವಲ್ಲ. ಹಳ್ಳಿಯವನ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡಿದ್ದ ಅನೇಕ ಮಳಿಗೆಗಳ ಗರ್ವವನ್ನು ಈ ಹೊಸ ವ್ಯಾಪಾರವು ಮುರಿದಿರುವುದೂ ದಿಟ.

ಆದರೆ ಇಲ್ಲಿ ವಿಚಾರಕ್ಕೆ ಬಂದಿರುವುದು ಮಿತವ್ಯಯವಲ್ಲ, ಬೇಟೆ. ಮಿತವ್ಯಯಿಯು ಬೇಕಾದದ್ದು ದೊರೆತೊಡನೆ ನಿಲ್ಲುತ್ತಾನೆ. ಬೇಟೆಗಾರನಿಗೆ ನಿಲುಗಡೆಯಿಲ್ಲ. ಹಿಂದಿನ ಅರಸರು ಮಾಂಸದ ಕೊರತೆಯಿಂದ ಕಾಡಿಗೆ ಹೋಗುತ್ತಿರಲಿಲ್ಲ. ಹಾಗೆಯೇ ಇವನೂ ಹಾಸಿಲ್ಲದೆ ಮಲಗಿದವನಲ್ಲ. ಇವನಿಗೆ ರುಚಿಯಾಗುವುದು ವಸ್ತುವಿನ ಬೆಲೆಗೂ ಅದರ ಯೋಗ್ಯತೆಗೂ ನಡುವೆ ಇರುವ ಅಂತರ. ಅಂತರವು ಹಿರಿದಾದಷ್ಟೂ ಆನಂದವು ಹಿರಿದು. ಮುನ್ನೂರರ ವಸ್ತುವನ್ನು ಇನ್ನೂರೈವತ್ತಕ್ಕೆ ಕೊಂಡುದನ್ನು ಅವನು ಯಾರಿಗೂ ಹೇಳಲಾರ; ಮೂವತ್ತಕ್ಕೆ ಕೊಂಡುದನ್ನು ಬೆಳಗಾಗುವುದರೊಳಗಾಗಿ ಹತ್ತು ಜನ ಸ್ನೇಹಿತರಿಗೆ ತಿಳಿಸದೆ ಇರಲಾರ. ಆ ಇನ್ನೂರ ಎಪ್ಪತ್ತು ರೂಪಾಯಿ ಎಲ್ಲಿಂದ ಬಂದಿತೆಂಬುದೇ ಮುದುಕಿಯ ಪ್ರಶ್ನೆ. ಅಂತರವೆಂಬುದು ಆಕಾಶದಿಂದ ಬೀಳುವುದಿಲ್ಲ. ಅದನ್ನು ಯಾರಾದರೊಬ್ಬರು ತುಂಬಿಕೊಡಲೇಬೇಕು.

“ಗಿಟ್ಟು” ಎಂಬ ಮಾತು ಈ ಸೀಮೆಯ ಸಂತೆಯಲ್ಲಿ ದಿನವೂ ಕೇಳಿಬರುವ ಮಾತು. ಗುಬ್ಬಿಯ ವಾರದ ಸಂತೆಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೆಸರಾಗಿದ್ದಿತು. ಮಲೆನಾಡಿನ ಅಡಕೆಯು ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದುದು ಈ ಗುಬ್ಬಿಯ ಮೂಲಕವಾಗಿ. ಅಲ್ಲಿಯೂ ಚೌಕಾಸಿ ಇತ್ತು, ಇಂದಿಗೂ ಸುತ್ತಿನ ಸಂತೆಗಳಲ್ಲಿ ಇದೆ. ಕೊಳ್ಳುವವನು ಅರ್ಧಕ್ಕೆ ಕೇಳುವನು, ಮಾರುವವಳು ಮುಖ ತಿರುಗಿಸುವಳು, ಇವನು ಎರಡು ಹೆಜ್ಜೆ ಮುಂದೆ ನಡೆಯುವನು, ಅವಳು ಕೂಗುವಳು. ಇದರಲ್ಲಿ ಆಟವೂ ಉಂಟು, ನಟನೆಯೂ ಉಂಟು. ಆದರೂ ಆಟಕ್ಕೆ ಒಂದು ಎಲ್ಲೆಯಿದ್ದಿತು. ಒಂದು ಹಂತದಲ್ಲಿ ಅವಳು, “ಗಿಟ್ಟಾಕಿಲ್ಲ ಸ್ವಾಮಿ” ಎನ್ನುವಳು. ಆ ಮಾತಿನ ಧ್ವನಿಯಲ್ಲಿ ನಟನೆ ಎಷ್ಟು, ನಿಜವೆಷ್ಟು ಎಂಬುದನ್ನು ಅರಿಯುವ ಶಕ್ತಿ ಅನುಭವಸ್ಥನಿಗೆ ಬರುತ್ತಿತ್ತು. ಬುಟ್ಟಿಯಲ್ಲಿ ಬಾಡುತ್ತಿರುವ ಸೊಪ್ಪು, ಇಳಿಹೊತ್ತು, ಅವಳ ಮಗ್ಗುಲಲ್ಲಿ ನಿದ್ದೆಹೋದ ಕೂಸು, ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿದ್ದುವು. ಅವುಗಳನ್ನು ಕಂಡೂ ಇನ್ನೂ ಜಗ್ಗುವವನನ್ನು ಪಕ್ಕದ ಅಂಗಡಿಯವರೇ ಗದರಿಸುತ್ತಿದ್ದರು. ವ್ಯಾಪಾರ ಕುದುರಿದ ಮೇಲೆ ಅವಳು ಒಂದು ಹಿಡಿ ಕೊಸರನ್ನು ಹಾಕುವಳು. ಸೋತವಳು ಗೆದ್ದವನಿಗೆ ಕೊಡುವ ಆ ಒಂದು ಹಿಡಿ ಲೆಕ್ಕದ ಯಾವ ಪುಸ್ತಕದಲ್ಲಿಯೂ ಬರೆಯಲ್ಪಡದು. ಮುಂದಿನ ವಾರ ಇಬ್ಬರೂ ಮತ್ತೆ ಮುಖ ನೋಡಬೇಕೆಂಬುದೇ ಅದರ ಅರ್ಥ. ಸಂತೆಯಲ್ಲಿ ಮೋಸವಿರಲಿಲ್ಲವೆಂದು ಯಾರೂ ಹೇಳರು. ಸಂತೆಯಲ್ಲಿ ಮುಖವಿದ್ದಿತು ಎಂದಷ್ಟೇ ಹೇಳಬಹುದು. ಫೋನಿನ ಅಂಗಡಿಯಲ್ಲಿ “ಗಿಟ್ಟದು” ಎಂದು ಹೇಳುವ ಬಾಯಿಯೇ ಇಲ್ಲ.

“ಗಿಟ್ಟದೆ ಕೊಡುತ್ತಾರೆಯೆ?” ಎಂಬ ಮಾತಿಗೆ ಕಡಬದ ಯಜಮಾನನ ಸ್ವಂತ ಅನುಭವದಲ್ಲಿಯೇ ಉತ್ತರವಿದೆ. ಅವನೂ ಮಾರುವವನೇ. ಅವನ ತೋಟದ ಬಲಿತ ಕಾಯಿಗಳು ಅಟ್ಟವನ್ನೇರಿ ಸುಮಾರು ಒಂದು ವರ್ಷ ಕಾಲ ಅಲ್ಲಿ ಕುಳಿತಿರುವುವು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಗುಡುಗುಡು ಎನ್ನುವವರೆಗೆ ಕಾಯಬೇಕು. ಆ ಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನೊಡೆದು, ಗಿಟುಕನ್ನು ಸೀಳದಂತೆ ತೆಗೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕು. ಉಂಡೆ ಕೊಬ್ಬರಿಗೆ ಹೆಸರಾದ ಆ ಮಾರುಕಟ್ಟೆಯಲ್ಲಿ ಈಗ ಕೂಗಿ ಹರಾಜು ಹಾಕುವ ಪದ್ಧತಿಯಿಲ್ಲ. ರೈತನ ರಾಶಿಗೆ ಒಂದು ಲಾಟಿನ ಸಂಖ್ಯೆ ಬೀಳುವುದು. ವರ್ತಕರು ಕಂಪ್ಯೂಟರಿನ ಮೂಲಕ ತಮ್ಮ ತಮ್ಮ ದರವನ್ನು ನಮೂದಿಸುವರು. ಈ ಕ್ರಮದಿಂದ ವರ್ತಕರ ಒಳಸಂಚು ಕಡಿಮೆಯಾಯಿತೆಂಬ ಪ್ರಶಂಸೆಗೆ ಕಾರಣವಿಲ್ಲದೆ ಇಲ್ಲ. ಆದರೂ ಒಂದು ವರ್ಷದ ಕಾಯುವಿಕೆಯು ಅಲ್ಲಿ ಒಂದು ಸಂಖ್ಯೆಯಾಗಿ, ಆ ಸಂಖ್ಯೆಯ ಎದುರಿಗೆ ಇನ್ನೊಂದು ಸಂಖ್ಯೆ ಬಂದು ನಿಲ್ಲುವುದು. ಅಷ್ಟರಲ್ಲಿ ವ್ಯಾಪಾರ ಮುಗಿಯಿತು.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ 9,000ಕ್ಕಿಂತಲೂ ಕೆಳಕ್ಕೆ ಇಳಿಯಿತು. ತುಮಕೂರು, ಹಾಸನ ಜಿಲ್ಲೆಗಳ ಬೆಳೆಗಾರರು ಬೀದಿಗೆ ಬಂದು ಪ್ರತಿಭಟಿಸಿದರು. ಎರಡು ವರ್ಷ ಕಳೆಯುವುದರೊಳಗಾಗಿ, 2025ರಲ್ಲಿ, ಅದೇ ಕೊಬ್ಬರಿ 20,000ವನ್ನು ಮೀರಿತು; ಆದರೆ ಹಿಂದಿನ ವರ್ಷದ ಸಾಲಕ್ಕೆ ಮುಂದಿನ ವರ್ಷದ ಬೆಲೆ ಕಟ್ಟಿ ತೀರಿಸಲಾಗುವುದಿಲ್ಲ. 2023ರಲ್ಲಿ ಮಾರಿದವರೆಲ್ಲರೂ ಗಿಟ್ಟಿ ಮಾರಿದವರಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆ ಗಡುವು ಬಂದುದರಿಂದ ಒಬ್ಬನು ಮಾರಿದನು. ಅಟ್ಟದಲ್ಲಿ ಹೊಸ ಕಾಯಿಗೆ ಜಾಗ ಬೇಕಾದುದರಿಂದ ಮತ್ತೊಬ್ಬನು. ಸೊಸೈಟಿಯ ನೋಟೀಸು ಬಂದುದರಿಂದ ಇನ್ನೊಬ್ಬನು. ಆ ದಿನಗಳಲ್ಲಿ ದೂರದೇಶದ ಯಾವನೋ ಗೃಹಸ್ಥನು ತನ್ನ ಮನೆಯ ಸಿಹಿಗೆ ಕೊಬ್ಬರಿಯನ್ನು ಬಹಳ ಅಗ್ಗವಾಗಿ ಕೊಂಡು, ಹೆಂಡತಿಯ ಮುಂದೆ ಹಿಗ್ಗಿ, “ಗಿಟ್ಟದೆ ಇದ್ದರೆ ಮಾರುತ್ತಾರೆಯೆ?” ಎಂದಿದ್ದರೆ ಕಡಬದವನು ಅದಕ್ಕೆ ಏನು ಹೇಳುತ್ತಿದ್ದನು? ಮಾರಾಟವು ಮಾರುವವನ ಸಮ್ಮತಿಗೆ ಸಾಕ್ಷಿ. ಅವನ ಸುಖಕ್ಕೆ ಸಾಕ್ಷಿಯಲ್ಲ. ಹಗಲು ತಿಪಟೂರಿನಲ್ಲಿ ಯಾವುದನ್ನು ಅನ್ಯಾಯವೆಂದು ಕರೆದು ಬಂದನೋ ಅದನ್ನೇ ರಾತ್ರಿ ಫೋನಿನಲ್ಲಿ ಜಾಣ್ಮೆಯೆಂದು ಕರೆಯುವ ಮನುಷ್ಯನು ಕಪಟಿಯಲ್ಲ. ಎರಡು ಕಡೆಗೂ ತಾನೇ ನಿಂತಿರುವುದು ಅವನಿಗೆ ಕಾಣಿಸಿಲ್ಲ, ಅಷ್ಟೇ.

ಹಾಗೆಂದು ಫೋನಿನಲ್ಲಿ ಸಿಕ್ಕುವ ಪ್ರತಿಯೊಂದು ಅಗ್ಗದ ವಸ್ತುವಿನ ಹಿಂದೆಯೂ ಒಬ್ಬ ಬಡವನ ಕಣ್ಣೀರಿದೆಯೆಂದು ಹೇಳಿದರೆ ಅದು ಭಾವುಕತೆಯಾದೀತು. ಅಗ್ಗವು ಬರುವ ದಾರಿಗಳು ಹಲವು. ಮಳಿಗೆಯ ಬಾಡಿಗೆ ಇಲ್ಲದುದರಿಂದ, ನಡುವಣ ದಳ್ಳಾಳಿಗಳು ತಪ್ಪಿದುದರಿಂದ, ಲಕ್ಷಗಟ್ಟಲೆ ಒಟ್ಟಿಗೆ ತಯಾರಾಗುವುದರಿಂದ, ಹೋದ ವರ್ಷದ ಮಾದರಿ ಉಳಿದುಹೋದುದರಿಂದ ಬರುವ ಅಗ್ಗವು ನಿರ್ದುಷ್ಟವಾದದ್ದು. ಇನ್ನು ಕೆಲವು ವೇಳೆ ವ್ಯತ್ಯಾಸವನ್ನು ತುಂಬುವುದು ಹೊರದೇಶದ ಬಂಡವಾಳ. ಗಿರಾಕಿಗಳನ್ನು ಹಿಡಿದು, ಎದುರಾಳಿಗಳನ್ನು ಸವೆಸಿ, ಆ ಮೇಲೆ ಲಾಭವನ್ನು ನೋಡೋಣವೆಂಬುದು ಅದರ ಎಣಿಕೆ. ಹೀಗೆ ಬೆಲೆಗಳನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತಮ್ಮ ಇಚ್ಛೆಯಂತೆ ಏರಿಳಿಸಬಾರದೆಂದು ವಿದೇಶೀ ಬಂಡವಾಳದ ಜಾಲದಂಗಡಿಗಳಿಗೆ ಭಾರತ ಸರ್ಕಾರವು ವಿಧಿಸಿದ ನಿಯಮಗಳನ್ನು 2019ರ ಫೆಬ್ರವರಿ 1ರಿಂದ ಇನ್ನಷ್ಟು ಬಿಗಿಗೊಳಿಸಲಾಯಿತು. ಮತ್ತೆ ಕೆಲವು ವೇಳೆ ಅದನ್ನು ತುಂಬುವವನು ತುಂಬಿಕೊಡಲು ಶಕ್ತಿಯಿಲ್ಲದವನೇ. ಬಿಸಿಲಿನಲ್ಲಿ ಗುಬ್ಬಿಯ ರಸ್ತೆಯಿಂದ ಪೊಟ್ಟಣಗಳನ್ನು ಹೇರಿಕೊಂಡು ಬರುವ ಹುಡುಗನಿಗೆ ಪೊಟ್ಟಣದ ಲೆಕ್ಕದ ಮೇಲೆ ಕೂಲಿ. ಇಂಥವರ ಕ್ಷೇಮಕ್ಕಾಗಿ ಪ್ರತಿಯೊಂದು ವ್ಯವಹಾರದ ಮೇಲೆಯೂ ನೂರಕ್ಕೆ ಒಂದರಿಂದ ಐದರವರೆಗೆ ಶುಲ್ಕವನ್ನು ವಸೂಲು ಮಾಡಲು ಕರ್ನಾಟಕವು 2025ರಲ್ಲಿ ಕಾನೂನು ಮಾಡಬೇಕಾಯಿತು. ಕಾನೂನು ಬೇಕಾಯಿತೆಂಬುದೇ ವಿಚಾರಕ್ಕೆ ಎಡೆಗೊಡುವ ಸಂಗತಿ.

ತೊಡಕೇನೆಂದರೆ, ಈ ಅಗ್ಗಗಳು ಪರದೆಯ ಮೇಲೆ ಒಂದೇ ಬಣ್ಣದ ಅಕ್ಷರದಲ್ಲಿ ಬರುವುವು. ಯಾವುದು ಧನಿಕನ ಹುಚ್ಚು, ಯಾವುದು ಬಡವನ ಗತ್ಯಂತರವಿಲ್ಲದಿಕೆ ಎಂದು ಕೊಳ್ಳುವವನಿಗೆ ತಿಳಿಯುವ ಬಗೆಯಿಲ್ಲ. ತಿಳಿಯದ ವಿಷಯಕ್ಕೆ ಹೊಣೆಯಿಲ್ಲವೆಂದು ಅವನು ವಾದಿಸಬಹುದು. ಅದು ಅಗತ್ಯಕ್ಕೆ ಕೊಳ್ಳುವವನ ಬಾಯಲ್ಲಿ ಒಪ್ಪುವ ಮಾತು. ವಿನೋದಕ್ಕಾಗಿ ಕೊಳ್ಳುವವನ ಬಾಯಲ್ಲಿ ಅಷ್ಟು ಒಪ್ಪುವುದಿಲ್ಲ. ಪೊದೆಯೊಳಗೆ ಇರುವುದು ಹಂದಿಯೋ ಸೌದೆ ಆಯುವ ಮುದುಕಿಯೋ ತಿಳಿಯದಿದ್ದಾಗ ಬಾಣ ಬಿಡಲೇಬೇಕೆಂಬ ನಿರ್ಬಂಧ ಬೇಟೆಗಾರನಿಗೆ ಇಲ್ಲ.

ಬೇಟೆಗಾರನೇ ಬೇಟೆಯಾಗುವುದೂ ಉಂಟೆಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ಮಹಾಮಾರಾಟವೊಂದನ್ನು ಸಾರಿದಾಗ ಜನಸಂದಣಿಯನ್ನು ತಾಳಲಾರದೆ ಅದರ ತಾಣವು ತಡವರಿಸಿತು. ಸರಕು ಮುಗಿಯಿತೆಂಬ, ಮೊದಲೇ ಬೆಲೆ ಏರಿಸಿ ಆ ಮೇಲೆ ಇಳಿಸಿದರೆಂಬ ದೂರುಗಳು ಎದ್ದುವು. ಮರುದಿನ ಅದರ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆಯನ್ನು ಕೇಳಿದರು. 2023ರ ನವೆಂಬರಿನಲ್ಲಿ ಗ್ರಾಹಕ ರಕ್ಷಣೆಯ ಕೇಂದ್ರ ಪ್ರಾಧಿಕಾರವು ಜಾಲದಂಗಡಿಗಳ 13 ಬಗೆಯ ಮರುಳುಗೊಳಿಸುವ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. “ಇನ್ನು ಎರಡೇ ಉಳಿದಿವೆ”, “ಇನ್ನು ಹತ್ತೇ ನಿಮಿಷ” ಎಂಬ ಹುಸಿ ಅವಸರವು ಅವುಗಳಲ್ಲಿ ಒಂದು. ಬಿಲ್ಲು ತನ್ನದೆಂದು ತಿಳಿದವನು ಅನೇಕ ವೇಳೆ ಬಲೆಯೊಳಗೆ ಕುಳಿತಿರುತ್ತಾನೆ. ಆದರೆ ಇದು ಅವನ ನಷ್ಟದ ಮಾತು, ಧರ್ಮದ ಮಾತಲ್ಲ.

ಧರ್ಮದ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಏಳುವುದು ಅಂಗಡಿಯವನೇ ಬೆಲೆಯನ್ನು ತಪ್ಪಾಗಿ ಬರೆದಾಗ. ಅಗ್ಗದ ಬೇಟೆಗಾರರಿಗೆ ಇದಕ್ಕಿಂತ ಹಿರಿಯ ಮೃಗವಿಲ್ಲ. 2003ರ ಜನವರಿ 13ರ ನಡುರಾತ್ರಿ ಕಳೆದ ಮೇಲೆ ಸಿಂಗಪುರದ ಒಂದು ಜಾಲದಂಗಡಿಯಲ್ಲಿ 3,854 ಡಾಲರಿನ ಮುದ್ರಣಯಂತ್ರವು 66 ಡಾಲರಿಗೆ ಕಾಣಿಸಿಕೊಂಡಿತು. ಆರು ಜನ ಮಿತ್ರರು, ಎಲ್ಲರೂ ವಿದ್ಯಾವಂತರು, ಬೆಳಗಾಗುವುದರೊಳಗೆ ಒಬ್ಬರನ್ನೊಬ್ಬರು ಎಬ್ಬಿಸಿ 1,606 ಯಂತ್ರಗಳಿಗೆ ಬೇಡಿಕೆ ಸಲ್ಲಿಸಿದರು. ಸಂಸ್ಥೆಯು ಕೊಡಲೊಪ್ಪದಾಗ ನ್ಯಾಯಾಲಯಕ್ಕೆ ಹೋದರು. ತಪ್ಪು ಹುಟ್ಟಿದ್ದು ಒಬ್ಬ ನೌಕರನು ಕೆಲಸವನ್ನು ಕಲಿಸಿಕೊಡುವ ಸಂದರ್ಭದಲ್ಲಿ ಮಾದರಿಗೆಂದು ಹಾಕಿದ ಸಂಖ್ಯೆಯಿಂದ. ಅದು ತಪ್ಪೆಂದು ಈ ಮಿತ್ರರಿಗೆ ತಿಳಿದೇ ಇತ್ತೆಂದು 2004ರಲ್ಲಿ ಒಂದು ನ್ಯಾಯಾಲಯವೂ 2005ರಲ್ಲಿ ಮೇಲಿನ ನ್ಯಾಯಾಲಯವೂ ನಿರ್ಣಯಿಸಿ ಒಪ್ಪಂದವನ್ನು ತಳ್ಳಿಹಾಕಿದುವು. ಭಾರತದ 1872ರ ಕರಾರು ಕಾಯಿದೆಯು ಒಬ್ಬನ ಕಡೆಯ ತಪ್ಪುಗ್ರಹಿಕೆಯೊಂದರಿಂದಲೇ ಒಪ್ಪಂದವು ರದ್ದಾಗದೆಂದು ಹೇಳುತ್ತದೆ. ಕಾಯಿದೆಯನ್ನು ಕೇಳಿದರೆ ದೇಶದೇಶಕ್ಕೂ ಮಾತು ಬೇರೆಯಾದೀತು.

ಕಾಯಿದೆಗಳಿಗಿಂತ ಬಹಳ ಹಳೆಯದು ಈ ಪ್ರಶ್ನೆ. ಚಿನ್ನವನ್ನು ಹಿತ್ತಾಳೆಯೆಂದು ಭ್ರಮಿಸಿ ಮಾರುವವನಿಗೆ ಸಜ್ಜನನು ನಿಜವನ್ನು ಹೇಳಬೇಕೋ, ಸಾವಿರದ ವಸ್ತುವನ್ನು ಒಂದಕ್ಕೆ ಕೊಂಡು ಸುಮ್ಮನಾಗಬಹುದೋ ಎಂದು ರೋಮಿನ ಸಿಸಿರೋ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ವಿಚಾರಿಸಿದ್ದಾನೆ. ಬೌದ್ಧರ ಸೇರಿವಾಣಿಜ ಜಾತಕವು ಇದನ್ನೇ ಕಥೆಯಾಗಿ ಹೇಳುತ್ತದೆ. ಕೆಟ್ಟು ಬಡವಾದ ಮನೆತನವೊಂದರಲ್ಲಿ ಅಜ್ಜಿಯೂ ಮೊಮ್ಮಗಳೂ ಮಾತ್ರ ಉಳಿದಿರುವರು. ಮಸಿ ಹಿಡಿದ ಹಳೆಯ ಬಟ್ಟಲನ್ನು ಕೊಟ್ಟು ಹುಡುಗಿಗೆ ಒಂದು ಆಭರಣವನ್ನು ಕೊಳ್ಳೋಣವೆಂದರೆ, ಬೀದಿಯ ವ್ಯಾಪಾರಿಯು ಸೂಜಿಯಿಂದ ಗೀರಿ ನೋಡಿ ಬಂಗಾರವೆಂದು ತಿಳಿದೂ, ಅರ್ಧ ಕಾಸಿಗೂ ಬಾಳದೆಂದು ಎಸೆದು ಹೋಗುವನು. ಮತ್ತೆ ಬಂದು ಏನೂ ಕೊಡದೆ ಹೊಡೆದುಕೊಳ್ಳುವ ಹಂಚಿಕೆ ಅವನದು. ಅಷ್ಟರಲ್ಲಿ ಬಂದ ಎರಡನೆಯ ವ್ಯಾಪಾರಿಯು ಅದರ ಬೆಲೆ ಲಕ್ಷವೆಂದೂ, ಅಷ್ಟು ಹಣ ತನ್ನಲ್ಲಿಲ್ಲವೆಂದೂ ಹೇಳಿಬಿಡುವನು. ಅಜ್ಜಿಯು ಅವನ ಸತ್ಯಕ್ಕೆ ಮೆಚ್ಚಿ ಬಟ್ಟಲನ್ನೇ ಕೊಡಲು, ಅವನು ಕೈಯಲ್ಲಿದ್ದ ಹಣವನ್ನೂ ಸರಕನ್ನೂ ಅವಳಿಗೆ ಒಪ್ಪಿಸಿ, ಎಂಟು ನಾಣ್ಯವನ್ನೂ ತಕ್ಕಡಿ ಚೀಲಗಳನ್ನೂ ಮಾತ್ರ ಉಳಿಸಿಕೊಂಡು ಹೊರಡುವನು. ಸ್ವಾರಸ್ಯವೆಂದರೆ, ಈ ಎರಡನೆಯವನೂ ಬಟ್ಟಲನ್ನು ಅಗ್ಗಕ್ಕೇ ಕೊಂಡನು. ಅಗ್ಗಕ್ಕೆ ಕೊಂಡುದು ಅವನ ದೋಷವಾಗಲಿಲ್ಲ. ಎದುರಿಗಿದ್ದವಳಿಗೆ ನಿಜ ತಿಳಿದಿತ್ತು, ಅವನಲ್ಲಿದ್ದುದನ್ನು ಅವನು ಕೊಟ್ಟಿದ್ದನು.

ಬೆಲೆಯನ್ನು ಮಾಡಿದವನ ಕಡೆಯಿಂದ ಎಣಿಸಲು ಹೊರಟ ಪ್ರಯತ್ನಗಳೂ ಈ ನಾಡಿನಲ್ಲಿ ನಡೆದಿವೆ. 1935ರಲ್ಲಿ ಅಖಿಲ ಭಾರತ ಚರಕಾ ಸಂಘವು ಗಾಂಧೀಜಿಯ ಒತ್ತಾಯದಿಂದ ನೂಲುವವರಿಗೆ ಹೊಟ್ಟೆ ತುಂಬುವಷ್ಟಾದರೂ ಕೂಲಿ ಸಲ್ಲಬೇಕೆಂಬ ನಿರ್ಣಯವನ್ನು ಮಾಡಿತು. ಅದುವರೆಗೆ ಖಾದಿಯನ್ನು ಎಷ್ಟು ಅಗ್ಗ ಮಾಡಿದರೆ ಅಷ್ಟು ಪ್ರಚಾರವೆಂದು ದುಡಿದಿದ್ದ ಕಾರ್ಯಕರ್ತರೇ, ಬೆಲೆ ಏರಿದರೆ ಕೊಳ್ಳುವವರಾರು ಎಂದು ಅಂಜಿದರು. ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಬೆಲೆ ಏರಿದ ಬಟ್ಟೆ ಮಾರುವುದು ಕಷ್ಟವೇ. ಗಿರಾಕಿಗೆ ದಯೆಯಿರಲೆಂದು ಕೋರುವುದು ಸುಲಭ, ಅವನ ಚೀಲವನ್ನು ಬಿಚ್ಚಿಸುವುದು ಬೇರೆ. ಈ ಇಕ್ಕಟ್ಟಿಗೆ ಪರಿಹಾರವನ್ನು ಕಡಬದ ಒಬ್ಬ ಗೃಹಸ್ಥನಿಂದ ನಿರೀಕ್ಷಿಸುವುದು ತರವಲ್ಲ. ಅವನಿಂದ ನಿರೀಕ್ಷಿಸಬಹುದಾದುದು, ತಾಯಿಯ ಪ್ರಶ್ನೆಯನ್ನು ನಗೆಯಿಂದ ಮುಚ್ಚದೆ ಒಂದು ಗಳಿಗೆ ಎದುರಿಗೆ ಇಟ್ಟುಕೊಂಡು ನೋಡುವುದಷ್ಟೇ.

ಆ 2023ರ ಕೊನೆಯ ತಿಂಗಳುಗಳಲ್ಲಿ ಒಂದು ರಾತ್ರಿ ಅವನ ಫೋನಿನಲ್ಲಿ ಇಸ್ತ್ರಿಪೆಟ್ಟಿಗೆ, ಛತ್ರಿ, ಮಕ್ಕಳ ಆಟಿಕೆಗಳು ಒಂದಾದ ಮೇಲೊಂದು ಸರಿದುಹೋಗಿ ಕೊನೆಗೆ ಒಂದು ಚಿತ್ರ ನಿಂತಿತೆಂದು ಭಾವಿಸಬಹುದು: ಒಡೆಯದ ಉಂಡೆ ಕೊಬ್ಬರಿ, ಒಳ್ಳೆಯ ಬಣ್ಣ, ಸೀಳಿಲ್ಲದ ಗಿಟುಕು. ಬೆಲೆಯು ಅವನ ರಾಶಿಗೆ ತಿಪಟೂರಿನಲ್ಲಿ ಬಂದುದಕ್ಕಿಂತಲೂ ಕಡಿಮೆ. ಮೂಲೆಯಲ್ಲಿ ಕೆಂಪು ಅಕ್ಷರದ ಗಡಿಯಾರವು ಹಿಂದಕ್ಕೆ ಓಡುತ್ತಿದ್ದಿತು. ಬೆರಳು ಅಭ್ಯಾಸಬಲದಿಂದ ಮುಂದಕ್ಕೆ ಹೋಗಿ ನಿಂತಿತು. ಮೇಲೆ ಅಟ್ಟದಲ್ಲಿ ಇಲಿಯೊಂದು ಓಡಿ, ಒಣಗಿದ ಕಾಯಿಗಳೆರಡು ಉರುಳಿ ಗುಡುಗುಡು ಎಂದುವು.

“ಇನ್ನೂ ಮಲಗಲಿಲ್ಲವೇನಪ್ಪಾ? ಇವತ್ತೇನು ಸಿಕ್ಕಿತು?” ಎಂದು ಒಳಗಿನಿಂದ ತಾಯಿ ಕೇಳಿದಳು.

ಅವನು ಉತ್ತರ ಕೊಡದೆ ಎದ್ದು ಹೋಗಿ, ಅವಳ ಕನ್ನಡಕವನ್ನು ಕೈಗೆ ಕೊಟ್ಟು, ಫೋನನ್ನು ಅವಳ ಕಡೆಗೆ ತಿರುಗಿಸಿ ಹಿಡಿದನು.